ಚೆಂಡು ನಿಲ್ಲುವ ನೆಲ

ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು, ಸಾಕ್ಸ್ ಹಾಕಿದ ಕಾಲಲ್ಲೇ ಓಡಿಬಂದು, ಹಿಕ್ಮತ್ ಅಪ್ಪನ ಟೈಲ್ಸ್ ಕಾರ್ಖಾನೆಯ ಖಾಲಿ ನೆಲದ ಮೇಲೆ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ಜಾರಿದ. ಜಾರುತ್ತಿರುವಾಗಲೇ, ಇಲ್ಲಿ ತೆರೆಯಬೇಕೆಂದಿರುವ ಆಟದ ಮನೆಗೆ ಐಸ್ ಸ್ಕೇಟಿಂಗೇ ಸರಿ ಎಂದು ತೀರ್ಮಾನವಾಗಿಹೋಯಿತು. ಕಂಬವನ್ನು ತಬ್ಬಿ ನಿಂತು ತಲೆಯೆತ್ತಿದರೆ ಮಾಡು ಎಷ್ಟೋ ಮೇಲಿತ್ತು. ಇಷ್ಟೆತ್ತರದ ಗೋಡೆ ಇಟ್ಟುಕೊಂಡು ನೆಲದ ಮೇಲೆ ಜಾರುವವನಂಥ ದಡ್ಡ ಯಾರಿದ್ದಾನೆ, ಇಲ್ಲಿ ಹಗ್ಗ ಹಿಡಿದು ಹತ್ತುವ ಗೋಡೆ ಆಗಬೇಕು, ಎಂದು ಇನ್ನೊಂದು ತೀರ್ಮಾನವಾಯಿತು. ಅದು ಅರ್ಧ ನಿಮಿಷ ಬಾಳಿತು. ಗುಡ್ಡಗಳ ಮೇಲಿರುವ ಈ ಸಾಲ್ಟ್ ಊರಿನವರಿಗೆ ಟಿಕೆಟ್ ಕೊಟ್ಟು ಗೋಡೆ ಹತ್ತಿ ಎಂದರೆ ಹೊಡೆಯಲು ಬಂದಾರು. ಹುಟ್ಟಿದಾಗಿನಿಂದ ಅವರು ಬಿಟ್ಟಿಯಾಗಿ ಮಾಡುತ್ತಿರುವ ಕೆಲಸ ಅದೊಂದೇ. ಅವನಿಗೆ ನಗು ಬಂತು, ಒಬ್ಬನೇ ನಕ್ಕ. ಐವತ್ತು ತುಂಬಿದ ಗಂಡಸು, ಎರಡು ತಿಂಗಳ ಹಿಂದಷ್ಟೇ ಶಾಲೆ ಬಿಟ್ಟ ಆಟದ ಮೇಷ್ಟ್ರು, ಬೆಳಗಿನ ಹತ್ತು ಗಂಟೆಗೆ ಸಾಕ್ಸ್ ಹರಿದುಕೊಂಡು ಹೀಗೆ ಜಾರುವುದನ್ನು ಯಾರಾದರೂ ಕಂಡರೆ ಎಂಬ ಯೋಚನೆಯೂ ಹೊಟ್ಟೆಯೊಳಗೆ ಕಚಗುಳಿ ಇಟ್ಟಿತೇ ಹೊರತು ನಾಚಿಕೆ ತರಲಿಲ್ಲ. ಎರಡು ತಿಂಗಳಿಂದ ಹೀಗೇ. ಹೆಂಡತಿ ಅಬ್ಲಾ, ಇದು ಜ್ವರವೋ ಪ್ರೇಮವೋ ಹೇಳಿಬಿಡಿ, ಜ್ವರವಾದರೆ ಔಷಧ ತರಿಸುತ್ತೇನೆ, ಪ್ರೇಮವಾದರೆ ಅಣ್ಣಂದಿರನ್ನು ಕರೆಸುತ್ತೇನೆ ಎಂದು ಎರಡು ಸಲ ಹೇಳಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ರಾಜಧಾನಿ ಅಮ್ಮಾನಿನಿಂದ ಇಂಜಿನಿಯರ್ ವಾಯಿಲ್ ಫೋನ್ ಮಾಡುವವನಿದ್ದ. ಸೂರಿನಡಿಯ ಆಟಗಳ ಸಾಮಾನು ತರಿಸಿಕೊಡುವ ಕಂಪನಿಯವನು. ಮೂರು ಸಲ ಬಂದು, ಬಣ್ಣದ ಚಿತ್ರಗಳ ಪುಸ್ತಕ ಬಿಡಿಸಿ, ಮೂರು ಸಲವೂ ಬೇರೆ ಬೇರೆ ಆಟಕ್ಕೆ ಹೂಂ ಅನ್ನಿಸಿಕೊಂಡು ಹೋಗಿದ್ದ. ಇವತ್ತು ಒಂದೇ ಒಂದು ಹೆಸರು ಹೇಳಬೇಕು, ಇಲ್ಲದಿದ್ದರೆ ಸಾಮಾನು ತರುವ ಹಡಗು ತಪ್ಪುತ್ತದೆ, ಮುಂದಿನ ಚಳಿಗಾಲದವರೆಗೆ ಮಾತಿಲ್ಲ. ಈ ಸಂಗತಿ ಎದುರಿನ ಕ್ಷೌರದಂಗಡಿಯ ನಿಮರ್‌ಗೂ ಗೊತ್ತು, ಅವನ ಕುರ್ಚಿಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತವರಿಗೂ ಗೊತ್ತು. ಬೆಳಿಗ್ಗೆ ಷಟರ್ ಎತ್ತುವಾಗಲೇ ನಿಮರ್ ಕತ್ತಿ ಹಿಡಿದುಕೊಂಡೇ ಹೊರಗೆ ಬಂದಿದ್ದ.

"ಏನ್ ಮೇಷ್ಟ್ರೇ, ಇವತ್ತು ಯಾವ ಆಟ? ಹೇಳ್ಬಿಡಿ, ನಮ್ಮ ಗಿರಾಕಿಗಳಿಗೆ ಕಾದು ಕಾದು ಗಡ್ಡ ಬೆಳೀತಿದೆ."

"ಹೇಳೋದಿಲ್ಲ ಹೋಗು."

"ನೀವಾ? ನೀವು ಹೇಳ್ದೆ ಇರ್ತೀರಾ? ನಿಮ್ಮ ಹೊಟ್ಟೇಲಿ ನಿಂತ ಮಾತು ಈ ಊರಲ್ಲಿ ಯಾವ್ದಿದೆ ತೋರ್ಸಿ ನೋಡೋಣ."

ಸಾಬೂನಿನ ಗಡ್ಡಗಳೆಲ್ಲ ನಕ್ಕಿದ್ದವು. ಹಿಕ್ಮತ್ ತಾನೂ ನಕ್ಕು ಒಳಗೆ ಬಂದಿದ್ದ. ಆದರೆ ಆ ಮಾತು ಬೂಟಿನೊಳಗಿನ ಹರಳಿನ ಹಾಗೆ ಜೊತೆಗೇ ಬಂದಿತ್ತು. ಬೂಟು ಬಿಚ್ಚಿಟ್ಟದ್ದು ಅದಕ್ಕೂ ಇರಬಹುದು.

ಅವನು ಜೇಬಿನಿಂದ ಉಕ್ಕಿನ ಗುಂಡು ತೆಗೆದು ನೆಲದ ನಡುವೆ ಇಟ್ಟ. ಗುಂಡು ನಿಂತಿತು. ಇದು ಅಪ್ಪನ ಗುಂಡು. ಪ್ರತಿ ಶುಕ್ರವಾರ ಅಪ್ಪ ಅಂಗಿಯ ತೋಳು ಮಡಿಚಿ, ಮೊಣಕಾಲೂರಿ, ಒಂದೊಂದು ಟೈಲಿನ ಮೇಲೂ ಅದನ್ನು ಇಟ್ಟು ನೋಡುತ್ತಿದ್ದರು. ಅದು ಅಲುಗಿದರೆ ಆ ಟೈಲು ಕಿತ್ತು ಬೇರೆ ಕೂರಿಸುತ್ತಿದ್ದರು. ಊರಿಗೆ ನೆಲ ಮಾರುವವನ ನೆಲ ಹೀಗಿರಬೇಕು ಅನ್ನುತ್ತಿದ್ದರು. ಮೂರು ಗುಡ್ಡಗಳಿಗೆ ಮೆಟ್ಟಿಲು ಕಡಿದು ಕಟ್ಟಿದ ಊರಿನಲ್ಲಿ ಚೆಂಡು ಇಟ್ಟರೆ ನಿಲ್ಲುವ ಜಾಗ ಇದೊಂದೇ ಇರಬೇಕು. ಇಪ್ಪತ್ತಾರು ವರ್ಷ ಹಿಕ್ಮತ್ ಆಟ ಕಲಿಸಿದ್ದು ಅಂದರೆ, ಒಬ್ಬ ಒದೆಯುತ್ತಿದ್ದ, ಚೆಂಡು ಶಾಲೆಯ ಗೋಡೆ ಹಾರಿ ಮೆಟ್ಟಿಲು ಮೆಟ್ಟಿಲು ಇಳಿದು ಕಣಿವೆಯ ತರಕಾರಿ ಮಾರ್ಕೆಟ್ ಸೇರುತ್ತಿತ್ತು, ಉಳಿದ ಪೀರಿಯಡ್ ಎಲ್ಲ ಅದನ್ನು ಹುಡುಕಿ ತರುವುದರಲ್ಲಿ ಕಳೆಯುತ್ತಿತ್ತು. ಬೇರೆ ಮೇಷ್ಟ್ರುಗಳು ಅವನನ್ನು ಚೆಂಡು ತರುವ ಮೇಷ್ಟ್ರು ಎನ್ನುತ್ತಿದ್ದರು. ಊರಲ್ಲಿ ಹೆಣ್ಣು ಕೇಳಲೋ, ಜಗಳ ರಾಜಿ ಮಾಡಿಸಲೋ ಗಂಡಸರ ದಂಡು ಹೊರಟರೆ ಅವನನ್ನೂ ಕರೆಯುತ್ತಿದ್ದರು, ಸಂಖ್ಯೆಗೆ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದ ಕುರ್ಚಿ ಅವನದು. ದಂಡಿನ ಹಿರಿಯ ತನ್ನ ಕಾಫಿ ಬಟ್ಟಲನ್ನು ಮುಟ್ಟದೆ ಮುಂದಿಡುತ್ತಿದ್ದ, ನಾವು ಬಂದ ಕೆಲಸ ಆಗುವವರೆಗೆ ಕುಡಿಯುವುದಿಲ್ಲ ಎಂದು. ಆಗ ಆ ಮನೆಯ ಹಿರಿಯ ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳುತ್ತಿದ್ದ, ಕಾಫಿ ಕುಡಿಯಿರಿ, ಬಂದ ಕೆಲಸ ಆಯಿತು ಎಂದು. ಆಮೇಲೆ ಆಕಾಶ ಬಿದ್ದರೂ ಆ ಮಾತು ಹಿಂದಕ್ಕಿಲ್ಲ. ಚಪ್ಪಲಿಗಳ ಪಕ್ಕ ಕೂತ ಹಿಕ್ಮತ್‌ಗೆ ಮೈ ಜುಮ್ಮೆನ್ನುತ್ತಿತ್ತು. ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ಆ ಮಾತು ತನ್ನ ಬಾಯಿಂದ ಬರಬೇಕು ಎಂದು ಅವನು ಆಸೆಪಟ್ಟಿದ್ದ. ಯಾರೂ ಅವನ ಬಳಿ ಏನನ್ನೂ ಕೇಳಲು ಬರಲಿಲ್ಲ.

ಚಿತ್ರದ ಪುಸ್ತಕ ಟೇಬಲ್ಲಿನ ಮೇಲಿತ್ತು. ಪುಟ ಮಗುಚಿದ. ಬೌಲಿಂಗ್, ಟೇಬಲ್ ಟೆನಿಸ್, ಕತ್ತಲಲ್ಲಿ ಬೆಳಕಿನ ಬಂದೂಕು ಹಾರಿಸುವ ಆಟ. ಒಂದು ಪುಟವನ್ನು ಮಾತ್ರ ಅವನು ಯಾವಾಗಲೂ ಬೇಗ ಮಗುಚುತ್ತಿದ್ದ. ಅದು ಟ್ರ್ಯಾಂಪೊಲಿನ್ ಪುಟ, ಬಿಗಿದು ಕಟ್ಟಿದ ಬಟ್ಟೆಯ ಮೇಲೆ ಹಾರಿ ಪುಟಿಯುವ ಆಟ. ಒಬ್ಬ ಹುಡುಗಿ ಗಾಳಿಯಲ್ಲಿದ್ದಳು, ಎರಡು ಕಾಲೂ ಮಡಿಚಿ, ಕೂದಲು ಮೇಲಕ್ಕೆ ಹಾರಿ, ಬಾಯಿ ತೆರೆದು. ವಾಯಿಲ್, ಇದೇ ಈಗ ಎಲ್ಲ ಕಡೆ ಓಡುವ ಸರಕು ಮೇಷ್ಟ್ರೇ, ಎಂದರೂ ಹಿಕ್ಮತ್ ಕೆಮ್ಮಿ ಪುಟ ತಿರುಗಿಸಿದ್ದ. ಈಗಲೂ ತಿರುಗಿಸಿದ. ತಿರುಗಿಸಿದರೇನು, ಕಣ್ಣ ಮುಂದೆ ಮತ್ತೆ ಅದೇ, ವಸಂತದ ಬಿಸಿಲು, ಹಳೆಯ ಮನೆಯ ತಾರಸಿ, ಹಾಸಿಗೆಗಳನ್ನೆಲ್ಲ ಬಿಚ್ಚಿ ಉಣ್ಣೆ ತೊಳೆದು ಒಣಗಲು ಹಾಕಿದ್ದಾರೆ, ಅಮ್ಮ ದಾಳಿಂಬೆ ಕೋಲಿನಿಂದ ಬಡಿದು ಬಡಿದು ಅದು ಆಳೆತ್ತರ ಉಬ್ಬಿದೆ. ಅಮ್ಮ ಕೆಳಗೆ ಹೋಗಿದ್ದಾಳೆ. ಅಕ್ಕ ರಸ್ಮಿಯಾ, ಹದಿಮೂರು ವರ್ಷದವಳು, ನೀರಿನ ತೊಟ್ಟಿಯ ಮೇಲೆ ನಿಂತಿದ್ದಾಳೆ. ಲಂಗ ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಹಾರುತ್ತಾಳೆ. ಉಣ್ಣೆಯಲ್ಲಿ ಮುಳುಗುತ್ತಾಳೆ, ಏಳುತ್ತಾಳೆ, ಮತ್ತೆ ತೊಟ್ಟಿ ಹತ್ತುತ್ತಾಳೆ. ಎಂಟು ವರ್ಷದ ಹಿಕ್ಮತ್ ಮೆಟ್ಟಿಲ ಬಾಗಿಲ ಸಂದಿನಿಂದ ನೋಡುತ್ತಾನೆ. ಅಷ್ಟು ಚೆನ್ನಾಗಿ ಯಾರೂ ಹಾರಿದ್ದನ್ನು ಅವನು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಆ ಸಂತೋಷ ತಡೆಯಲಾಗದೆ, ಹೌದು, ಬರೀ ಸಂತೋಷಕ್ಕೆ, ಊಟದ ಹೊತ್ತಿಗೆ ಎಲ್ಲರ ಮುಂದೆ ಅವನು ಬಾಯಿ ಬಿಟ್ಟಿದ್ದ. ಅಪ್ಪಾ, ನಾನು ನೋಡಿದೆ. ಅಕ್ಕ ಹಾರುತ್ತಾಳೆ, ತೊಡೆ ಕಾಣುತ್ತದೆ, ಪಕ್ಕದ ತಾರಸಿಯವರೂ ನೋಡಿದರು. ಪಕ್ಕದ ತಾರಸಿಯಲ್ಲಿ ಯಾರೂ ಇರಲಿಲ್ಲ. ಅದನ್ನು ಯಾಕೆ ಸೇರಿಸಿದ? ಮಾತಿಗೆ ಕಳೆ ಬರಲಿ ಎಂದು. ಅಪ್ಪ ಹೊಡೆಯಲಿಲ್ಲ. ರೊಟ್ಟಿ ಕೆಳಗಿಟ್ಟು, ಹುಡುಗಿ ದೊಡ್ಡವಳಾದಳು ಅಂತ ಕಾಣುತ್ತದೆ ಎಂದರು, ಅಷ್ಟೆ. ತಾರಸಿಗೆ ಬೀಗ ಬಿತ್ತು. ಬೀದಿಗೂ ಬಿತ್ತು. ಹದಿನೇಳಕ್ಕೆ ಮದುವೆಯಾಯಿತು. ಯಾರು ಚಾಡಿ ಹೇಳಿದ್ದು ಎಂದು ಅವಳು ಯಾವತ್ತೂ ಕೇಳಲಿಲ್ಲ. ಅಡಿಗೆಮನೆಯಲ್ಲಿದ್ದವಳಿಗೆ ಕೇಳಿಸಿಲ್ಲ ಎಂದೇ ಹಿಕ್ಮತ್ ನಂಬಿದ್ದ.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಕೋರ್ಟಿಗೆ ಕರೆದೊಯ್ದವನೂ ಅವನೇ. ಪಾಲು ಕೇಳುವ ಅಕ್ಕತಂಗಿಯರನ್ನು ಊರು ಹೇಗೆ ಆಡಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರೂ ಏನೂ ಹೇಳಬೇಕಾಗಲಿಲ್ಲ. ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಅವಳು ಸಹಿ ಹಾಕಿದಳು. ಹೀಗೆ ಬಿಟ್ಟುಕೊಟ್ಟವಳ ಮನಸ್ಸು ತುಂಬಲು ಏನಾದರೂ ಕೊಡುವುದು ಪದ್ಧತಿ. ಅವನು ಬಟ್ಟೆ ಒಗೆಯುವ ಯಂತ್ರ ಕೊಡಿಸಿದ. ಅದು ಹಿಂಡುವಾಗ ಬಚ್ಚಲ ತುಂಬ ಕುಣಿಯುತ್ತದೆ. ಅವಳ ಮನೆಗೆ ಹೋದಾಗಲೆಲ್ಲ ಗೋಡೆಯಾಚೆ ಧಡಧಡ ಸದ್ದು, ಅವಳು ಓಡಿಹೋಗಿ ಅದರ ಮೇಲೆ ಕೂತು ಅದುಮಿ ಹಿಡಿಯುತ್ತಾಳೆ, ಅಲ್ಲಿಂದಲೇ ಮಾತಾಡಿಸುತ್ತಾಳೆ, ಕುಲುಕುವ ದನಿಯಲ್ಲಿ. ಹಿಕ್ಮತ್‌ಗೆ ನಗು ಬಂತು, ನಗು ಬಂದದ್ದಕ್ಕೆ ನಾಚಿಕೆಯಾಯಿತು. ಎರಡನ್ನೂ ಝಾಡಿಸಿಕೊಳ್ಳಲು ಅವನು ಅಪ್ಪನ ಗುಂಡನ್ನೆತ್ತಿ, ಮುಂಬಾಗಿಲ ಬಳಿ ಬಗ್ಗಿ, ಜೋರಾಗಿ ಉರುಳಿಸಿದ.

ಗುಂಡು ಹೋಯಿತು. ಅತ್ತ ಇತ್ತ ವಾಲದೆ, ಕಾರ್ಖಾನೆಯ ಇಡೀ ಉದ್ದಕ್ಕೆ, ಕಂಬ ದಾಟಿ, ಕಂಬ ದಾಟಿ, ಹಿಂದಿನ ಗೋಡೆಗೆ ಟಣ್ ಎಂದು ಬಡಿದು, ಹೋದ ದಾರಿಯಲ್ಲೇ ತಿರುಗಿ ಬಂದು ಅವನ ಹರಿದ ಸಾಕ್ಸಿನ ಮುಂದೆ ನಿಂತಿತು. ಚೆಂಡು ತಾನಾಗಿ ವಾಪಸ್ ಬಂದಿತ್ತು. ಇಪ್ಪತ್ತಾರು ವರ್ಷ ಕಣಿವೆಗಿಳಿದು ಚೆಂಡು ತಂದವನ ಕಾಲ ಬುಡಕ್ಕೆ ಚೆಂಡು ತಾನಾಗಿ ವಾಪಸ್ ಬಂದಿತ್ತು. ಬೌಲಿಂಗ್. ಇದುವರೆಗೆ ಯಾಕೆ ಹೊಳೆಯಲಿಲ್ಲ? ಅವನಿಗೆ ಕುಣಿಯಬೇಕೆನ್ನಿಸಿತು, ಕುಣಿದೇಬಿಟ್ಟ, ಮದುವೆಯ ಸಾಲಿನಲ್ಲಿ ಕುಣಿಯುವಂತೆ ಒಬ್ಬನೇ ಕಾಲು ಬಡಿದು ಎರಡು ಸುತ್ತು. ಆಮೇಲೆ ಬೂಟು ಹಾಕಿಕೊಂಡು, ನಿಮರ್ ಕರೆದರೂ ನಿಲ್ಲದೆ, ಇನ್ನೂರ ಹದಿನಾಲ್ಕು ಮೆಟ್ಟಿಲುಗಳನ್ನು ಹುಡುಗನಂತೆ ಹತ್ತಿ ಮನೆ ಸೇರಿದ.

ಅಬ್ಲಾ ಮಕ್ಲೂಬಾ ಪಾತ್ರೆಯನ್ನು ತಟ್ಟೆಯ ಮೇಲೆ ಬೋರಲು ಹಾಕುವುದರಲ್ಲಿದ್ದಳು. ಅನ್ನ, ಬದನೆ, ಕೋಳಿ ಎಲ್ಲ ತಲೆಕೆಳಗಾಗಿ ನಿಲ್ಲಬೇಕಾದ ಆ ಗಳಿಗೆಯಲ್ಲಿ ಅವಳ ಮುಂದೆ ಯಾರೂ ಮಾತಾಡುವಂತಿಲ್ಲ. ಅವಳು ಕಣ್ಣಲ್ಲೇ ಹೊರಗಿನ ಕೋಣೆ ತೋರಿಸಿದಳು. ರಸ್ಮಿಯಾ ಬಂದಿದ್ದಳು. ಬಂದರೆ ನೇರ ಅಡಿಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುವವಳು, ಇವತ್ತು ಗಂಡಸರು ಕೂರುವ ಕೋಣೆಯಲ್ಲಿ, ಕಿಟಕಿಯ ಬಳಿಯ ದೊಡ್ಡ ಕುರ್ಚಿಯಲ್ಲಿ, ಮದುವೆಮನೆಗೆ ತೊಡುವ ಕಸೂತಿಯ ಕಪ್ಪು ನಿಲುವಂಗಿ ತೊಟ್ಟು ನೆಟ್ಟಗೆ ಕೂತಿದ್ದಳು. ಮುಂದೆ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಹಿ ಕಾಫಿ ಇತ್ತು. ಹಿಕ್ಮತ್ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು.

"ಬೌಲಿಂಗ್," ಎಂದ ಹಿಕ್ಮತ್, ಸಲಾಮು ಕೂಡ ಹೇಳದೆ. "ಹೂಂ ಇಂಜಿನಿಯರೇ, ಬೌಲಿಂಗೇ. ಬರ್ಕೊಳ್ಳಿ. ಇಲ್ಲ, ಇನ್ನು ಬದಲಾಯಿಸೋದಿಲ್ಲ. ಗಂಡಸಿನ ಮಾತು."

ತನ್ನ ದನಿ ತನಗೇ ಹಿಡಿಸಿತು. ಅತ್ತ ವಾಯಿಲ್ ಉದ್ದ ಎಷ್ಟು, ಪೂರಾ ಉದ್ದ ಬೇಕಾಗುತ್ತೆ ಎನ್ನುತ್ತಿದ್ದ. ಇತ್ತ ಹಿಕ್ಮತ್ ಅಕ್ಕನನ್ನು ನೋಡಿ ನಕ್ಕ, ಬಟ್ಟಲನ್ನು ನೋಡಿದ. ಅದು ತುಂಬಿತ್ತು. ಅವಳು ಮುಟ್ಟಿರಲಿಲ್ಲ. ಮುಟ್ಟದೆ, ಸ್ವಲ್ಪ ಮುಂದಕ್ಕೆ ತಳ್ಳಿಟ್ಟಿದ್ದಳು. ತಲೆಗೇರಿದ ಸಂತೋಷದಲ್ಲಿ ಅವನಿಗೆ ಕಂಡದ್ದು ಅಕ್ಕನಲ್ಲ, ಆ ಬಟ್ಟಲು ಮಾತ್ರ. ಕೊನೆಗೂ ತನ್ನ ಮನೆಯಲ್ಲಿ, ತನ್ನ ಮುಂದೆ, ಮುಟ್ಟದ ಬಟ್ಟಲು. ಫೋನನ್ನು ಎದೆಗೊತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಇಪ್ಪತ್ತು ಮಂದಿ ಗಂಡಸರು ಕೇಳುತ್ತಿರುವಂತೆ ದನಿಯೆತ್ತಿ, ಅಕ್ಕನನ್ನು ಅವಳ ಮಗನ ಹೆಸರಿನಿಂದ ಗೌರವವಾಗಿ ಕರೆದು ಹೇಳಿದ.

"ಕಾಫಿ ಕುಡಿ, ಖಲೀಲನ ತಾಯಿ. ನೀನು ಬಂದ ಕೆಲಸ ಆಯ್ತು ಅಂತ ತಿಳ್ಕೋ."

ಅಬ್ಲಾ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. "ಏನ್ ಕೆಲಸ ಅಂತ ಕೇಳಿದ್ರಾ?" ಎಂದಳು, ಮೆಲ್ಲಗೆ.

ರಸ್ಮಿಯಾ ಬಟ್ಟಲೆತ್ತಿದಳು. ಮೂರು ಗುಟುಕಿಗೆ ಕುಡಿದಳು. ಸಾಕು ಎನ್ನುವಂತೆ ಬಟ್ಟಲನ್ನು ಬೆರಳಲ್ಲಿ ಅಲುಗಿಸಿ ಕೆಳಗಿಟ್ಟಳು. ಎಲ್ಲ ಗಂಡಸರು ಮಾಡುವ ಹಾಗೆಯೇ ಮಾಡಿದಳು.

"ಅಪ್ಪನ ಕಾರ್ಖಾನೇಲಿ ನನ್ನ ಪಾಲು ನಂಗೆ ವಾಪಸ್ ಬೇಕು. ಮೂರರಲ್ಲಿ ಒಂದು, ಹೆಣ್ಣುಮಗಳಿಗೆ ಶರೀಯತ್ತು ಕೊಟ್ಟಷ್ಟೇ. ಕಾಗದ ನಿಧಾನಕ್ಕೆ ಮಾಡ್ಸು. ನೆಲ ಇವತ್ತೇ ಕೊಡು. ಹಿಂದಿನ ಗೋಡೆಯಿಂದ ಎರಡನೇ ಕಂಬದ ತನಕ, ಕಿಟಕಿ ಇಲ್ವಲ್ಲ, ಆ ಭಾಗ."

ಎದೆಯ ಮೇಲಿದ್ದ ಫೋನು ಮಾತಾಡಿತು. "ಮೇಷ್ಟ್ರೇ, ಕೇಳಿಸ್ತು. ಅಷ್ಟು ಹೋದ್ರೆ ಬೌಲಿಂಗ್ ಕೂರಲ್ಲ. ಏನ್ ಮಾಡ್ಲಿ?"

ಹಿಕ್ಮತ್‌ನ ಒಳಗೆ ಉರುಳುತ್ತಿದ್ದ ಗುಂಡು ನಡುದಾರಿಯಲ್ಲಿ ನಿಂತಿತು. ತಮಾಷೆಗೆ ಅಂದೆ ಅಕ್ಕ, ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅರ್ಧ ಗಂಟೆಯೂ ಬಾಳದ ಬೌಲಿಂಗ್, ಆದರೂ ಎರಡು ತಿಂಗಳಲ್ಲಿ ಅವನು ನಿಜವಾಗಿ ಬಯಸಿದ್ದು ಅದೊಂದನ್ನೇ. ಅವನಿಗೆ ಅಳು ಬರುವಂತಾಯಿತು.

"ತಮಾಷೆಗೆ ಅಂದೆ ಅಂತೀಯಾ?" ಎಂದಳು ರಸ್ಮಿಯಾ, ಅವನ ಮುಖ ಓದಿ. "ಅನ್ನು. ಕಾಫಿ ಹೊಟ್ಟೆಗಿಳಿದಿದೆ, ಅದನ್ನ ಹೇಗೆ ವಾಪಸ್ ತಗೋತೀಯೋ ನಾನೂ ನೋಡ್ತೀನಿ."

"ಹೀಗೆ ಕಾಫಿ ಇಟ್ಟು ಕೇಳೋದು ಹೆಂಗಸರು ಮಾಡೋದಲ್ಲ ಅಕ್ಕ. ಗಂಡಸರನ್ನ ಕರ್ಕೊಂಡು ಬರ್ತಾರೆ."

"ಯಾರನ್ನ ಕರ್ಕೊಂಡ್ ಬರ್ಲಿ? ನನ್ನ ಯಜಮಾನರು ಮಣ್ಣು ಸೇರಿದ್ರು. ನನ್ನ ಮಗ ಖಲೀಲ, ಮಾವ ಅಂತ ನಿನ್ನ ಮುಂದೆ ಬಾಯಿ ಬಿಡಲ್ಲ. ನನ್ನ ಪರ ಮಾತಾಡೋಕೆ ಇದ್ದ ಗಂಡಸು ನೀನೊಬ್ಬ. ನಿನ್ನನ್ನೇ ಕರ್ಕೊಂಡು ನಿನ್ನ ಹತ್ರಾನೇ ಬರ್ಲಾ?"

ಅಬ್ಲಾ ನಕ್ಕುಬಿಟ್ಟಳು. ನಗಬಾರದಿತ್ತು, ತಟ್ಟೆಯ ಮೇಲಿನ ಮಕ್ಲೂಬಾ ಒಂದು ಕಡೆ ಕುಸಿಯಿತು. ರಸ್ಮಿಯಾ ನಗಲಿಲ್ಲ. ದೊಡ್ಡ ಕುರ್ಚಿಯಲ್ಲಿ ಅವಳ ಕಾಲು ನೆಲಕ್ಕೆ ಸರಿಯಾಗಿ ಎಟಕುತ್ತಿರಲಿಲ್ಲ ಎಂಬುದನ್ನು ಹಿಕ್ಮತ್ ಆಗ ನೋಡಿದ. ಈ ಉಡುಪು, ಈ ಕುರ್ಚಿ, ಈ ಮುಟ್ಟದ ಬಟ್ಟಲು, ಎಷ್ಟು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಳೋ. ಅವನು ಚಪ್ಪಲಿಗಳ ಪಕ್ಕದ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತಿದ್ದ, ಸರಿ. ಅವಳಿಗೆ ಆ ಕುರ್ಚಿಯೂ ಇರಲಿಲ್ಲ.

"ಅಲ್ಲಿ ಏನ್ ಮಾಡ್ತೀಯ ಅಕ್ಕ?"

"ಹಾರ್ತೀನಿ."

ಫೋನಿನಲ್ಲಿ ವಾಯಿಲ್ ಹಲೋ ಹಲೋ ಎನ್ನುತ್ತಿದ್ದ. ಹಿಕ್ಮತ್ ಅದನ್ನು ಕಿವಿಗಿಟ್ಟುಕೊಂಡ. "ಇಂಜಿನಿಯರೇ, ನಾನು ಯಾವಾಗ್ಲೂ ತಿರುಗಿಸ್ತಿದ್ನಲ್ಲ, ಆ ಪುಟ," ಎಂದ. "ಅದು. ಪೂರಾ ನೆಲಕ್ಕೂ ಅದೇ." ಹೇಳಿ ಮುಗಿಸಿದ್ದೇ ತಲೆ ಹಗುರವಾಗಿ ತಿರುಗಿತು, ಕೊಟ್ಟುಬಿಟ್ಟ ಮೇಲೆ ಇಷ್ಟು ಹಗುರವಾಗುತ್ತದೆಂದು ಯಾವ ಹಿರಿಯನೂ ಅವನಿಗೆ ಹೇಳಿರಲಿಲ್ಲ.

ಹಡಗು ಬರುವವರೆಗೆ ಕಾಯಲು ರಸ್ಮಿಯಾ ಒಪ್ಪಲಿಲ್ಲ. ನಲವತ್ತೆರಡು ವರ್ಷ ಕಾದವಳು ಇನ್ನು ಎರಡು ತಿಂಗಳು ಕಾದರೇನು ಎಂದು ಕೇಳುವ ಧೈರ್ಯ ಹಿಕ್ಮತ್‌ಗೂ ಇರಲಿಲ್ಲ. ಊಟ ಮುಗಿಯುತ್ತಲೇ ಅವನ ಪಿಕಪ್ ಅವಳ ಮನೆ ಮುಂದೆ ನಿಂತಿತು. ಮದುವೆಯಲ್ಲಿ ಅಮ್ಮ ಕಟ್ಟಿಕೊಟ್ಟ ಆರು ಹಾಸಿಗೆಗಳು. ಈಗ ಊರೆಲ್ಲ ಸ್ಪಂಜಿನ ಮೇಲೆ ಮಲಗುತ್ತದೆ, ಅವಳೊಬ್ಬಳೇ ವರ್ಷ ವರ್ಷ ಉಣ್ಣೆ ತೊಳೆದು ಬಡಿಯುತ್ತಾಳೆ. ಮೊನ್ನೆಯಷ್ಟೇ ತೊಳೆದು ಒಣಗಿಸಿದ್ದಳು. ಚಾದರದ ಗಂಟುಗಳನ್ನು ಹಿಕ್ಮತ್ ಹೆಗಲ ಮೇಲೆ ಹೊತ್ತು ಹಿಂದಿನ ಗೋಡೆಯವರೆಗೆ ಸಾಗಿಸಿದ. ಹೆಂಗಸರಿಬ್ಬರೂ ಉಣ್ಣೆಯನ್ನು ಬಿಡಿಸಿ, ಕೆದರಿ, ಎತ್ತಿ ಎತ್ತಿ ಹಾಕಿ ಸೊಂಟದೆತ್ತರ ಮಾಡಿದರು. ಕಾರ್ಖಾನೆ ತುಂಬ ಕುರಿಯ ವಾಸನೆ ಆಯಿತು. ಪಕ್ಕದಲ್ಲಿ ಟೈಲ್ ಒತ್ತುವ ಯಂತ್ರ ನಿಲ್ಲಿಸುತ್ತಿದ್ದ ಸಿಮೆಂಟ್ ಕಟ್ಟೆ ಇತ್ತು, ಎದೆಮಟ್ಟ. ರಸ್ಮಿಯಾ ಅದನ್ನು ಅಂಗೈಯಿಂದ ತಟ್ಟಿ ನೋಡಿದಳು, ತನ್ನ ಮೊಣಕಾಲನ್ನೂ ತಟ್ಟಿ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು.

"ನೀನು ಹೊರಗೆ. ಷಟರ್ ಎಳ್ಕೊಂಡು, ಅದಕ್ಕೆ ಬೆನ್ನು ಹಾಕಿ ನಿಂತ್ಕೋ. ಯಾರೂ ಬರಕೂಡದು."

"ಆಯ್ತು ಅಕ್ಕ."

"ಹಿಕ್ಮತ್. ಈ ಸಲ ನೋಡ್ಬೇಡ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವವಳ ಹಾಗೆ ಹೇಳಿ ಅಬ್ಲಾಳ ಹೆಗಲು ಹಿಡಿದು ಕಟ್ಟೆ ಹತ್ತಲು ಹೊರಟಳು. ಹಿಕ್ಮತ್ ಬಾಗಿಲವರೆಗಿನ ಅಷ್ಟುದ್ದ ನೆಲವನ್ನು ಹೇಗೆ ದಾಟಿದನೋ ತಿಳಿಯದು. ಅವಳಿಗೆ ಗೊತ್ತಿತ್ತು. ಅಡಿಗೆಮನೆಯಲ್ಲಿ ಕೇಳಿಸಿಕೊಂಡಿದ್ದಳು, ಪಕ್ಕದ ತಾರಸಿಯ ಸುಳ್ಳನ್ನೂ ಕೇಳಿಸಿಕೊಂಡಿದ್ದಳು. ಗೊತ್ತಿದ್ದೂ ಅವನ ಮದುವೆಯಲ್ಲಿ ಹಾಡಿದಳು, ಅವನ ಮಕ್ಕಳನ್ನು ಎತ್ತಿ ಆಡಿಸಿದಳು, ಕೋರ್ಟಿನಲ್ಲಿ ಸಹಿ ಹಾಕಿದಳು, ಕುಣಿಯುವ ಯಂತ್ರದ ಮೇಲೆ ಹದಿನೈದು ವರ್ಷ ಕೂತಳು. ಷಟರ್ ಎಳೆದ. ಬೆನ್ನು ಕೊಟ್ಟು ನಿಂತ. ಮುಖ ಉರಿಯುತ್ತಿತ್ತು, ಮೂರು ಗಂಟೆಯ ಬಿಸಿಲಿಗೂ ಇರಬಹುದು.

ಒಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಬ್ಲಾಳ ದನಿ, ಬೇಡ ಅತ್ತಿಗೆ, ಮೊಣಕಾಲು. ಮತ್ತೆ ಏನೂ ಇಲ್ಲ. ಆಮೇಲೆ ದೊಪ್ ಎಂದು ಸದ್ದಾಯಿತು. ಮೆತ್ತಗಿನ, ಭಾರದ ಸದ್ದು, ಕಾಲ ಕೆಳಗಿನ ಹೊಸ್ತಿಲಿಗೂ ತಿಳಿಯುವಷ್ಟು. ಐವತ್ತೈದು ವರ್ಷದವಳು, ಸಕ್ಕರೆ ಕಾಯಿಲೆ, ದಪ್ಪ ಮೈ, ತಿರುಗಿ ನೋಡಲೇ? ಷಟರಿನ ಕೆಳಗೆ ನಾಲ್ಕು ಬೆರಳು ಸಂದಿತ್ತು, ಬಗ್ಗಿದರೆ ಸಾಕು. ಅವನು ಬಗ್ಗಲಿಲ್ಲ. ಆಗ ನಗು ಬಂತು. ಅದು ಅವಳ ಈಗಿನ ನಗುವಲ್ಲ, ಕೈ ಅಡ್ಡ ಇಟ್ಟುಕೊಂಡು ನಗುವ ಆ ನಗುವಲ್ಲ. ತಾರಸಿಯ ಮೇಲೆ ಕೇಳಿದ್ದು. ಅದೇ. ಮತ್ತೆ ದೊಪ್, ಅದರ ಹಿಂದೆಯೇ ಅಬ್ಲಾಳ ಕಿರುಚಾಟ, ಇನ್ನೊಂದು ದೊಪ್. ಅಪ್ಪನ ನೆಲ ಅಲುಗದೆ ಎಲ್ಲವನ್ನೂ ತಡೆದುಕೊಳ್ಳುತ್ತಿತ್ತು. ಹಿಕ್ಮತ್‌ಗೆ ಕಣ್ಣು ತುಂಬಿ ಬಂತು, ಜೊತೆಗೇ ತಡೆಯಲಾರದ ನಗು. ಎರಡನ್ನೂ ತುಟಿ ಕಚ್ಚಿ ಹಿಡಿದುಕೊಂಡು, ಹೆಗಲು ಕುಲುಕುತ್ತ, ಬೀದಿಯನ್ನೇ ನೋಡುತ್ತ ನಿಂತ.

ನಿಮರ್ ಬೀದಿ ದಾಟಿ ಬಂದ, ಕೈಯಲ್ಲಿ ಟವಲ್ಲು, ಬೆನ್ನ ಹಿಂದೆ ಸಾಬೂನು ಹಚ್ಚಿಕೊಂಡೇ ಎದ್ದುಬಂದ ಗಿರಾಕಿ. ಷಟರ್ ಮತ್ತೊಮ್ಮೆ ನಡುಗಿತು.

"ಒಳಗೇನದು ಮೇಷ್ಟ್ರೇ? ಏನೋ ಬೀಳ್ತಾ ಇದೆ. ಆಟ ಬಂದೇಬಿಡ್ತಾ? ಯಾವ್ದು, ಹೇಳಿ ಹೇಳಿ."

ಹಿಕ್ಮತ್‌ನ ನಾಲಗೆ ಎದ್ದಿತು. ಊಟದ ಚಾಪೆಯ ಸುತ್ತ ಎಲ್ಲರೂ ತನ್ನತ್ತ ತಿರುಗಿದ ಆ ಗಳಿಗೆಯ ಸವಿ ಅದಕ್ಕೆ ಇನ್ನೂ ನೆನಪಿತ್ತು. ನನ್ನ ಅಕ್ಕ ಹಾರುತ್ತಿದ್ದಾಳೆ ನಿಮರ್, ಎಷ್ಟು ಚೆನ್ನಾಗಿ ಹಾರುತ್ತಾಳೆ ಗೊತ್ತಾ, ಎಂದು ಊರಿಗೇ ಕೂಗಿ ಹೇಳಬೇಕೆನ್ನಿಸಿತು. ಅವನು ಷಟರಿಗೆ ಬೆನ್ನನ್ನು ಇನ್ನಷ್ಟು ಒತ್ತಿ ನಿಂತ.

"ಗೊತ್ತಿಲ್ಲಪ್ಪ," ಎಂದ. "ನಾನು ನೋಡಿಲ್ಲ."